ಒಳ್ಳೆಯ ಎಲೆ ಕೈಯಲ್ಲಿದ್ದರೂ ಆಟ ಬಿಡಬೇಕಾದದ್ದು ಯಾವಾಗ?

ಇಸ್ಪೀಟು ಆಡುವವರ ನಡುವೆ ಒಂದು ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಕೆಟ್ಟ ಎಲೆ ಬಂದರೆ ಬಿಡಬೇಕು, ಒಳ್ಳೆಯ ಎಲೆ ಬಂದರೆ ಕೊನೆಯವರೆಗೂ ಹೋಗಬೇಕು. ಇದರ ಮೊದಲ ಅರ್ಧ ಸರಿ. ಆದರೆ ಪೋಕರ್‌ನಂಥ ಆಟದಲ್ಲಿ ಜನ ದೊಡ್ಡ ಮೊತ್ತ ಕಳೆದುಕೊಳ್ಳುವುದು ಎರಡನೆಯ ಅರ್ಧವನ್ನು ನಂಬಿ. ಕೆಟ್ಟ ಎಲೆ ಹಿಡಿದು ಯಾರೂ ಮನೆ ಮಾರುವುದಿಲ್ಲ. 'ಇಂಥ ಎಲೆ ಮತ್ತೆ ಯಾವಾಗ ಬರುತ್ತದೋ' ಅನ್ನಿಸಿದಾಗಲೇ ಕೈಯಲ್ಲಿದ್ದದ್ದೆಲ್ಲ ನಡುವೆ ಬೀಳುತ್ತದೆ.

ಒಳ್ಳೆಯ ಎಲೆಯನ್ನು ಯಾವಾಗ ಕೆಳಗಿಡಬೇಕು ಎಂಬುದಕ್ಕೆ ಸರಳ ಲೆಕ್ಕವೊಂದಿದೆ. ಆ ಲೆಕ್ಕ ಇಸ್ಪೀಟಿಗೆ ಮಾತ್ರ ಸೀಮಿತವಲ್ಲ. ಮನೆಯಲ್ಲಿ ಹತ್ತಿ ಕೂಡಿಟ್ಟು ಬೆಲೆಗೆ ಕಾಯುವ ದೇವದುರ್ಗದ ರೈತರಿಗೂ, ಎಡದಂಡೆ ಕಾಲುವೆಯ ಕೊನೆಯಲ್ಲಿ ನೀರಿಗೆ ಕಾಯುವ ಮಾನ್ವಿಯ ರೈತರಿಗೂ ಅದು ಬೇರೆ ರೂಪದಲ್ಲಿ ಎದುರಾಗುತ್ತದೆ.

ನೋ-ಲಿಮಿಟ್ ಪೋಕರ್ ಎಂದರೇನು?

ಪೋಕರ್‌ನಲ್ಲಿ ಹಲವು ಬಗೆಗಳಿವೆ. ಜಗತ್ತಿನಲ್ಲಿ ಹೆಚ್ಚು ಜನ ಆಡುವುದು ಟೆಕ್ಸಾಸ್ ಹೋಲ್ಡೆಮ್. ಇದರಲ್ಲಿ ಪ್ರತಿಯೊಬ್ಬರಿಗೂ ಎರಡು ಗುಟ್ಟಿನ ಎಲೆ ಸಿಗುತ್ತವೆ. ಆಮೇಲೆ ಎಲ್ಲರಿಗೂ ಕಾಣುವಂತೆ ಐದು ಎಲೆ ಮೇಜಿನ ಮೇಲೆ ಬೀಳುತ್ತವೆ: ಮೊದಲು ಮೂರು ಒಟ್ಟಿಗೆ, ಆಮೇಲೆ ಒಂದು, ಕೊನೆಗೆ ಇನ್ನೊಂದು. ಒಟ್ಟು ಏಳು ಎಲೆಗಳಲ್ಲಿ ಅತ್ಯುತ್ತಮ ಐದನ್ನು ಜೋಡಿಸಿಕೊಂಡವರು ಗೆಲ್ಲುತ್ತಾರೆ. ನಡುನಡುವೆ ನಾಲ್ಕು ಸುತ್ತು ಪಣ ಕಟ್ಟುವ ಅವಕಾಶ ಇರುತ್ತದೆ. ಎದುರಿನವರು ಕಟ್ಟಿದಷ್ಟು ನೀವೂ ಕಟ್ಟಿದರೆ ಅದು ಕಾಲ್. ಎಲೆ ಕೆಳಗಿಟ್ಟು ಆ ಕೈಯಿಂದ ಹೊರಬಂದರೆ ಅದು ಫೋಲ್ಡ್. ಮೂರೆಲೆ ಆಡುವವರು ಇದನ್ನೇ ಪ್ಯಾಕ್ ಎನ್ನುತ್ತಾರೆ, ರಮ್ಮಿಯವರು ಡ್ರಾಪ್ ಎನ್ನುತ್ತಾರೆ.

ಹದಿಮೂರು ಎಲೆಯ ರಮ್ಮಿ ಗೊತ್ತಿದ್ದವರಿಗೆ ಡ್ರಾಪ್‌ನ ಬೆಲೆ ಚೆನ್ನಾಗಿ ಗೊತ್ತು. ಸಾಮಾನ್ಯ ನಿಯಮದಲ್ಲಿ ಮೊದಲ ಸರದಿಯಲ್ಲೇ ಬಿಟ್ಟರೆ 20 ಪಾಯಿಂಟು, ನಡುವೆ ಬಿಟ್ಟರೆ 40, ಪೂರ್ತಿ ಸಿಕ್ಕಿಬಿದ್ದರೆ 80. ಅಂದರೆ ಬಿಡಲು ತಡಮಾಡಿದಷ್ಟೂ ದಂಡ ಏರುತ್ತದೆ. ಆದರೂ ರಮ್ಮಿಯಲ್ಲಿ 80ರಲ್ಲಿ ಒಂದು ಮಿತಿ ಇದೆ.

ನೋ-ಲಿಮಿಟ್ ಪೋಕರ್‌ನಲ್ಲಿ ಆ ಮಿತಿ ಇಲ್ಲ. ಎದುರಿಗಿರುವವರು ಯಾವ ಸುತ್ತಿನಲ್ಲಾದರೂ ತಮ್ಮ ಮುಂದಿರುವ ಹಣವನ್ನೆಲ್ಲ ಒಮ್ಮೆಗೇ ನಡುವೆ ತಳ್ಳಬಹುದು. ಪಣಕ್ಕೆ ಮಿತಿ ಇರುವ ಆಟದಲ್ಲಿ ಒಂದು ತಪ್ಪು ಕಾಲ್ ಮಾಡಿದರೆ ಒಂದು ಪಣದಷ್ಟು ಹಣ ಹೋಗುತ್ತದೆ. ಮಿತಿಯಿಲ್ಲದ ಆಟದಲ್ಲಿ ಅದೇ ತಪ್ಪಿಗೆ ಇಡೀ ರಾತ್ರಿಯ ಗಳಿಕೆ ಹೋಗಬಹುದು. ಬಿಡುವ ವಿದ್ಯೆಗೆ ಇಲ್ಲಿ ಇಷ್ಟು ಬೆಲೆ ಬಂದದ್ದು ಅದರಿಂದಲೇ.

ಎಕ್ಕದ ಜೋಡಿಗೆ ಎಷ್ಟು ಬಲ?

52 ಎಲೆಗಳಿಂದ ಎರಡೆರಡು ಎಲೆಗಳ 1,326 ಜೋಡಿಗಳನ್ನು ಮಾಡಬಹುದು. ಅವುಗಳಲ್ಲಿ ಎರಡೂ ಎಕ್ಕ ಆಗಿರುವ ಜೋಡಿಗಳು ಆರು ಮಾತ್ರ. ಅಂದರೆ ಸರಾಸರಿ 221 ಕೈಗಳಿಗೆ ಒಮ್ಮೆ ಎಕ್ಕದ ಜೋಡಿ ಬರುತ್ತದೆ. ಆರಂಭದಲ್ಲಿ ಇದಕ್ಕಿಂತ ಬಲವಾದ ಕೈ ಇಲ್ಲ.

ಎದುರಿಗೆ ಒಬ್ಬರೇ ಇದ್ದು, ಅವರ ಕೈಯಲ್ಲಿ ಯಾವುದೋ ಎರಡು ಎಲೆ ಇದ್ದರೆ, ಐದೂ ಎಲೆ ತೆರೆಯುವ ಹೊತ್ತಿಗೆ ಎಕ್ಕದ ಜೋಡಿ ಸುಮಾರು 85 ಶೇಕಡಾ ಸಲ ಗೆಲ್ಲುತ್ತದೆ. ಎದುರಿಗೆ ರಾಜನ ಜೋಡಿ ಇದ್ದರೂ ಸುಮಾರು 82 ಶೇಕಡಾ ಗೆಲುವು ಎಕ್ಕದ್ದೇ. ಅದೇ ಮೇಜಿನ ಸುತ್ತ ಇನ್ನೂ ಒಂಬತ್ತು ಜನ ಕುಳಿತಿದ್ದು, ಎಲ್ಲರೂ ಕೊನೆಯವರೆಗೆ ಉಳಿದರೆ ಗೆಲುವು ಸುಮಾರು 31 ಶೇಕಡಾಕ್ಕೆ ಇಳಿಯುತ್ತದೆ. ಎಕ್ಕ ದುರ್ಬಲವಾಗಿಲ್ಲ, ಒಂಬತ್ತು ಜನರಲ್ಲಿ ಯಾರಾದರೊಬ್ಬರಿಗೆ ಅದನ್ನು ಮೀರಿಸುವ ಎಲೆ ಸೇರುವ ಸಾಧ್ಯತೆ ಹೆಚ್ಚಾಗಿದೆ.

ಇಲ್ಲಿರುವ ಮುಖ್ಯ ಸಂಗತಿ ಇಷ್ಟು. ಕೈಯಲ್ಲಿರುವ ಎರಡು ಎಲೆ ಬದಲಾಗುವುದಿಲ್ಲ, ಅದರ ಸ್ಥಾನ ಬದಲಾಗುತ್ತಲೇ ಇರುತ್ತದೆ. ಮೇಜಿನ ಮೇಲೆ ಪ್ರತಿ ಎಲೆ ಬಿದ್ದಾಗ, ಪ್ರತಿ ಸಲ ಎದುರಾಳಿ ಪಣ ಏರಿಸಿದಾಗ, ಹೊಸ ಮಾಹಿತಿ ಬರುತ್ತದೆ. ಆಟ ಶುರುವಾದಾಗ 'ನನ್ನದು ಬಲವಾದ ಕೈ' ಎಂದು ಮಾಡಿದ ತೀರ್ಮಾನ ಕೊನೆಯ ಸುತ್ತಿಗೂ ಅನ್ವಯಿಸುತ್ತದೆ ಎಂದುಕೊಳ್ಳುವುದೇ ಮೊದಲ ಎಡವು.

ಎಷ್ಟು ಗೆಲುವು ಇದ್ದರೆ ಕಾಲ್ ಮಾಡಬಹುದು?

ನಡುವೆ ಸೇರಿರುವ ಹಣಕ್ಕೆ ಪಾಟ್ ಎನ್ನುತ್ತಾರೆ. ಕಾಲ್ ಮಾಡಬೇಕೆ ಬೇಡವೆ ಎಂಬುದಕ್ಕೆ ಒಂದೇ ಭಾಗಾಕಾರ ಸಾಕು: ನೀವು ಈಗ ಹಾಕಬೇಕಾದ ಹಣವನ್ನು, ನೀವು ಹಾಕಿದ ಮೇಲೆ ಆಗುವ ಒಟ್ಟು ಪಾಟ್‌ನಿಂದ ಭಾಗಿಸಿ. ಬರುವ ಶೇಕಡಾ, ನಷ್ಟವಾಗದಿರಲು ಬೇಕಾದ ಕನಿಷ್ಠ ಗೆಲುವು.

ಪಾಟ್‌ನಲ್ಲಿ 10,000 ರೂಪಾಯಿ ಇದೆ ಎಂದುಕೊಳ್ಳಿ.

• ಎದುರಾಳಿ 5,000 ಕಟ್ಟಿದರೆ: 5,000 ÷ 20,000 = 25 ಶೇಕಡಾ ಗೆಲುವು ಬೇಕು.
• ಎದುರಾಳಿ 10,000 ಕಟ್ಟಿದರೆ: 10,000 ÷ 30,000 = 33 ಶೇಕಡಾ ಬೇಕು.
• ಎದುರಾಳಿ 20,000 ಕಟ್ಟಿದರೆ: 20,000 ÷ 50,000 = 40 ಶೇಕಡಾ ಬೇಕು.
• ಎದುರಾಳಿಯ ಬಳಿ ಉಳಿದದ್ದೇ 2,000, ಅದನ್ನು ಕಟ್ಟಿದರೆ: 2,000 ÷ 14,000 = 14 ಶೇಕಡಾ ಸಾಕು.

ಕೊನೆಯ ಸಾಲನ್ನು ಗಮನಿಸಿ. ಪಾಟ್ ದೊಡ್ಡದಿದ್ದು ಹಾಕಬೇಕಾದದ್ದು ಅತಿ ಕಡಿಮೆ ಇದ್ದಾಗ ಸಾಧಾರಣ ಎಲೆಯನ್ನೂ ಬಿಡಬೇಕಿಲ್ಲ. ಪಣ ದೊಡ್ಡದಾದಷ್ಟೂ ಒಳ್ಳೆಯ ಎಲೆಯ ಬಗ್ಗೆಯೂ ಪ್ರಶ್ನೆ ಏಳಬೇಕು. 'ಈ ಎಲೆ ಬಿಡಬಹುದೆ' ಎಂಬ ಪ್ರಶ್ನೆಗೆ ಎಲೆಯನ್ನಷ್ಟೇ ನೋಡಿ ಉತ್ತರ ಹೇಳಲಾಗುವುದಿಲ್ಲ.

ಒಂದು ಕೈಯನ್ನು ಲೆಕ್ಕ ಹಾಕಿ ನೋಡೋಣ

ನಿಮ್ಮ ಕೈಯಲ್ಲಿ ಇಸ್ಪೀಟು ಎಕ್ಕ, ಕಳಾವರ್ ಎಕ್ಕ. ಮೇಜಿನ ಮೇಲೆ ಮೊದಲು ಆಟಿನ್ 9, ಆಟಿನ್ 8, ಡೈಮಂಡ್ ರಾಜ ಬಿದ್ದವು. ನಾಲ್ಕನೆಯದು ಆಟಿನ್ 7. ಐದನೆಯದು ಇಸ್ಪೀಟು 2. ಪಾಟ್‌ನಲ್ಲಿ 10,000 ಇದೆ. ಇಲ್ಲಿಯವರೆಗೆ ನಿಮ್ಮ ಪಣಕ್ಕೆ ಸುಮ್ಮನೆ ಕಾಲ್ ಮಾಡುತ್ತ ಬಂದಿದ್ದ ಎದುರಾಳಿ ಈಗ ಉಳಿದ 20,000ವನ್ನೂ ಮುಂದೆ ತಳ್ಳಿದ್ದಾನೆ. ಗಂಟೆಗಟ್ಟಲೆ ನೋಡಿದ್ದೀರಿ; ಸುಮ್ಮಸುಮ್ಮನೆ ಎಗರುವ ಆಸಾಮಿ ಅಲ್ಲ.

ನಿಮ್ಮದು ಈಗಲೂ ಎಕ್ಕದ ಜೋಡಿ. ಆದರೆ ಬರೀ ಜೋಡಿ. ಹೀಗೆ ಹಣವನ್ನೆಲ್ಲ ತಳ್ಳುವಾಗ ಅವನ ಕೈಯಲ್ಲಿ ಏನೇನು ಇರಬಹುದು ಎಂದು ಎಣಿಸೋಣ.

ಮೊದಲನೆಯದು, ಮೂರು ಒಂದೇ ಅಂಕೆ. ಮೇಜಿನ ಮೇಲೆ ಒಂದು 9 ಇದೆ, ಉಳಿದ ಮೂರು 9ರಿಂದ ಮೂರು ಜೋಡಿ ಆಗುತ್ತವೆ. ಹಾಗೆಯೇ 8ಕ್ಕೆ ಮೂರು, 7ಕ್ಕೆ ಮೂರು. ಒಟ್ಟು 9 ಬಗೆ. ಎರಡನೆಯದು, ಸರಣಿ. ಅವನ ಬಳಿ ಗುಲಾಮ ಮತ್ತು 10 ಇದ್ದರೆ 7ರಿಂದ ಗುಲಾಮನವರೆಗೆ ಐದು ಎಲೆ ಸಾಲಾಗುತ್ತವೆ. ನಾಲ್ಕು ಗುಲಾಮ, ನಾಲ್ಕು ಹತ್ತು, ಒಟ್ಟು 16 ಬಗೆ. ಮೂರನೆಯದು, ಒಂದೇ ಬಣ್ಣ. ಮೇಜಿನ ಮೇಲೆ ಮೂರು ಆಟಿನ್ ಇವೆ. ಅವನ ಬಳಿ ಎರಡು ಆಟಿನ್ ಇದ್ದರೆ ಫ್ಲಶ್. ಉಳಿದ ಹತ್ತು ಆಟಿನ್‌ಗಳಿಂದ 45 ಜೋಡಿ ಆಗುತ್ತವೆ. ಎಲ್ಲ ಜೋಡಿಯನ್ನೂ ಯಾರೂ ಆಡುವುದಿಲ್ಲವಾದ್ದರಿಂದ, ಈಗಾಗಲೇ ಎಣಿಸಿದ ಗುಲಾಮ-ಹತ್ತನ್ನು ಬಿಟ್ಟು 15 ಮಾತ್ರ ಇಟ್ಟುಕೊಳ್ಳೋಣ.

ನಿಮ್ಮನ್ನು ಸೋಲಿಸುವ ಬಗೆಗಳು 9 + 16 + 15 = 40. ಅಪರೂಪದ ಇನ್ನೂ ಕೆಲವನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಇನ್ನು ನೀವು ಗೆಲ್ಲುವ ಬಗೆಗಳು. ಬಣ್ಣ ಸೇರಲಿ ಎಂದು ಕಾಯುತ್ತ ಕುಳಿತು, ಸೇರದೆ ಹೋದಾಗ ಹೆದರಿಸಿ ನೋಡುವ ಬ್ಲಫ್‌ಗಳು. ರಾಜನ ಜೋಡಿಯನ್ನೇ ದೊಡ್ಡದೆಂದು ನಂಬಿ ತಳ್ಳಿದ ಕೆಲವು. ಇಂಥ ಎಚ್ಚರದ ಆಟಗಾರನಿಗೆ 10 ಬಗೆ ಎಂದು ಉದಾರವಾಗಿಯೇ ಕೊಡೋಣ.

50ರಲ್ಲಿ 10, ಅಂದರೆ 20 ಶೇಕಡಾ ಗೆಲುವು. ಬೇಕಾದದ್ದು 40. ರೂಪಾಯಿಯಲ್ಲಿ ಹೇಳುವುದಾದರೆ, ಐದು ಸಲದಲ್ಲಿ ಒಮ್ಮೆ 30,000 ಬರುತ್ತದೆ, ನಾಲ್ಕು ಸಲ 20,000 ಹೋಗುತ್ತದೆ. ಐದು ಕಾಲ್‌ಗಳಿಗೆ 50,000 ನಷ್ಟ. ಪ್ರತಿ ಕಾಲ್‌ಗೆ ಸರಾಸರಿ 10,000. ಎಲೆ ಕೆಳಗಿಟ್ಟರೆ ಈ ಕ್ಷಣದಿಂದ ಮುಂದೆ ಆಗುವ ನಷ್ಟ ಸೊನ್ನೆ. ಆದ್ದರಿಂದ ಎಕ್ಕದ ಜೋಡಿಯನ್ನು ಬಿಡುವುದೇ ಸರಿ.

ಎದುರಾಳಿ ಬದಲಾದರೆ ಉತ್ತರವೂ ಬದಲಾಗುತ್ತದೆ

ಅದೇ ಮೇಜು, ಅದೇ ಎಲೆ, ಅದೇ 20,000. ಆದರೆ ತಳ್ಳಿದವನು ಹತ್ತು ನಿಮಿಷಕ್ಕೊಮ್ಮೆ ಹೀಗೆ ತಳ್ಳುವವನಾಗಿದ್ದರೆ? ಸೋಲಿಸುವ 40 ಬಗೆಗೆ ಎದುರಾಗಿ ಅವನ ಬ್ಲಫ್‌ಗಳು 27 ಅಥವಾ ಹೆಚ್ಚು ಇದ್ದರೆ ನಿಮ್ಮ ಗೆಲುವು 40 ಶೇಕಡಾ ದಾಟುತ್ತದೆ. ಆಗ ಕಾಲ್ ಮಾಡುವುದೇ ಸರಿ. ಹಾಗಾಗಿ ಅನುಭವಿ ಆಟಗಾರರು ತಮ್ಮ ಎಲೆಗಿಂತ ಎದುರಿನವರ ನಡವಳಿಕೆಯನ್ನು ಹೆಚ್ಚು ಹೊತ್ತು ನೋಡುತ್ತಾರೆ.

ಹಾಗೆಂದು ಯಾರು ಎಷ್ಟು ತಳ್ಳಿದರೂ ಬಿಡುತ್ತ ಹೋಗುವುದೂ ಜಾಣತನವಲ್ಲ. ಹೆದರಿಸಿದರೆ ಬಿಡುತ್ತಾರೆ ಎಂದು ಗೊತ್ತಾದವರನ್ನು ಎಲ್ಲರೂ ಹೆದರಿಸುತ್ತಾರೆ. ಎರಡರ ನಡುವಿನ ಹದ ಎಷ್ಟು ಸೂಕ್ಷ್ಮವೆಂದರೆ, ಕಂಪ್ಯೂಟರುಗಳು ಈ ಆಟದಲ್ಲಿ ಮನುಷ್ಯರನ್ನು ಮೀರಿಸಲು ಚದುರಂಗಕ್ಕಿಂತ ಬಹಳ ವರ್ಷ ಹೆಚ್ಚು ಬೇಕಾಯಿತು. ಚದುರಂಗದಲ್ಲಿ ಡೀಪ್ ಬ್ಲೂ ಕಾಸ್ಪರೋವ್ ಅವರನ್ನು ಸೋಲಿಸಿದ್ದು 1997ರಲ್ಲಿ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಸಿದ್ಧವಾದ ಲಿಬ್ರಾಟಸ್ ಎಂಬ ಪ್ರೋಗ್ರಾಂ ನೋ-ಲಿಮಿಟ್ ಹೋಲ್ಡೆಮ್‌ನಲ್ಲಿ ನಾಲ್ವರು ವೃತ್ತಿಪರರನ್ನು ಒಬ್ಬೊಬ್ಬರಾಗಿ ಎದುರಿಸಿ, ಒಟ್ಟು 1,20,000 ಕೈ ಆಡಿ ಗೆದ್ದದ್ದು 2017ರ ಜನವರಿಯಲ್ಲಿ. ಆರು ಜನರ ಮೇಜಿನಲ್ಲಿ ಗೆದ್ದ ಪ್ಲುರಿಬಸ್ ಬಂದದ್ದು 2019ರಲ್ಲಿ. ಚದುರಂಗದಲ್ಲಿ ಎಲ್ಲ ಕಾಯಿಯೂ ಕಣ್ಣ ಮುಂದಿರುತ್ತದೆ. ಪೋಕರ್‌ನಲ್ಲಿ ಅರ್ಧ ಮಾಹಿತಿ ಮುಚ್ಚಿದ ಎಲೆಯಲ್ಲಿರುತ್ತದೆ.

ಲೆಕ್ಕ ಗೊತ್ತಿದ್ದರೂ ಬಿಡಲು ಮನಸ್ಸು ಬರುವುದಿಲ್ಲ ಏಕೆ?

ಮೊದಲ ಕಾರಣ, ಹಾಕಿದ ದುಡ್ಡಿನ ಮೋಹ. 'ಇಷ್ಟು ಹಾಕಿದ್ದೇನೆ, ಈಗ ಹೇಗೆ ಬಿಡಲಿ?' ಮೇಲಿನ ಲೆಕ್ಕದಲ್ಲಿ 10,000ದ ಪಾಟ್‌ಗೆ ಅರ್ಧ ಹಣ ನಿಮ್ಮದೇ ಆಗಿರಬಹುದು. ಆದರೆ ಭಾಗಾಕಾರದಲ್ಲಿ ಅದಕ್ಕೆ ಪ್ರತ್ಯೇಕ ಜಾಗವೇ ಇಲ್ಲ. ನಡುವೆ ಬಿದ್ದ ಹಣ ಯಾರದೂ ಅಲ್ಲ. ಹಾಲ್ ಆರ್ಕ್ಸ್ ಮತ್ತು ಕ್ಯಾಥರಿನ್ ಬ್ಲೂಮರ್ 1985ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದು ಚೆನ್ನಾಗಿ ಕಂಡಿತು. ನಾಟಕಗಳ ಸೀಸನ್ ಟಿಕೆಟನ್ನು ಕೆಲವರಿಗೆ ಪೂರ್ಣ ಬೆಲೆಗೆ, ಕೆಲವರಿಗೆ ರಿಯಾಯಿತಿಯಲ್ಲಿ ಮಾರಲಾಗಿತ್ತು. ನಾಟಕಗಳು ಎಲ್ಲರಿಗೂ ಅವೇ. ಆದರೂ ಸೀಸನ್ನಿನ ಮೊದಲ ಅರ್ಧದಲ್ಲಿ ಪೂರ್ಣ ಬೆಲೆ ಕೊಟ್ಟವರೇ ಹೆಚ್ಚು ನಾಟಕಗಳಿಗೆ ಹೋದರು.

ಎರಡನೆಯದು, ನಷ್ಟದ ನೋವು. ಡೇನಿಯಲ್ ಕಾಹ್ನೆಮನ್ ಮತ್ತು ಏಮೊಸ್ ಟ್ವರ್ಸ್ಕಿ 1979ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ, ಒಂದೇ ಮೊತ್ತದ ಲಾಭ ಕೊಡುವ ಖುಷಿಗಿಂತ ನಷ್ಟ ಕೊಡುವ ನೋವು ದೊಡ್ಡದು. ಸುಮಾರು ಎರಡು ಪಟ್ಟು ಎಂದು ಅವರು ಮುಂದೆ ಅಂದಾಜಿಸಿದರು. ಈ ಕೆಲಸಕ್ಕಾಗಿ ಕಾಹ್ನೆಮನ್ ಅವರಿಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಎಲೆ ಬಿಟ್ಟರೆ ನಷ್ಟ ಖಚಿತವಾಗುತ್ತದೆ. ಕಾಲ್ ಮಾಡಿದರೆ ಒಂದೆಳೆ ಆಸೆ ಉಳಿಯುತ್ತದೆ. ಖಚಿತ ನಷ್ಟದಿಂದ ತಪ್ಪಿಸಿಕೊಳ್ಳಲು ಜನ ದೊಡ್ಡ ಅಪಾಯಕ್ಕೂ ಕೈಹಾಕುತ್ತಾರೆ.

ಮೂರನೆಯದು, 'ಇಷ್ಟು ಸಲ ಸೋತಿದ್ದೇನೆ, ಈ ಸಲ ಬರಲೇಬೇಕು' ಎಂಬ ಭ್ರಮೆ. ಎಲೆಗೆ ನೆನಪಿಲ್ಲ. ಪ್ರತಿ ಸಲ ಹೊಸದಾಗಿ ಕಲಸಿದಾಗ ಲೆಕ್ಕ ಮೊದಲಿನಿಂದ ಶುರು. 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೊ ಕ್ಯಾಸಿನೊದ ರೂಲೆಟ್ ಚಕ್ರದಲ್ಲಿ ಸತತ 26 ಸಲ ಕಪ್ಪು ಬಂತು. 'ಇನ್ನು ಕೆಂಪೇ' ಎಂದು ಕಟ್ಟುತ್ತ ಹೋದವರು ಅಪಾರ ಹಣ ಕಳೆದುಕೊಂಡರು.

ನಾಲ್ಕನೆಯದು, ಫಲಿತಾಂಶ ನೋಡಿ ನಿರ್ಧಾರವನ್ನು ಅಳೆಯುವುದು. ನೀವು ಎಕ್ಕದ ಜೋಡಿ ಬಿಟ್ಟ ಮೇಲೆ ಎದುರಿನವನು ನಗುತ್ತ ತನ್ನ ಪೊಳ್ಳು ಎಲೆ ತೋರಿಸಬಹುದು. 20 ಶೇಕಡಾ ಸಲ ಹಾಗೆ ಆಗಿಯೇ ತೀರಬೇಕು. ಸರಿಯಾದ ನಿರ್ಧಾರವೂ ಐದರಲ್ಲಿ ಒಮ್ಮೆ ತಪ್ಪಿನಂತೆ ಕಾಣುತ್ತದೆ. ಆ ಒಂದು ಸಲದ ಅವಮಾನ ಮರೆಯಲಾಗದೆ ಮುಂದಿನ ನಾಲ್ಕು ಸಲ ಕಾಲ್ ಮಾಡುವವರೇ ಹೆಚ್ಚು.

ಇದು ಹೊಸ ಕಾಯಿಲೆ ಏನಲ್ಲ. ಮಹಾಭಾರತದ ದ್ಯೂತದಲ್ಲಿ ಧರ್ಮರಾಯ ಒಂದೊಂದೇ ಸೋಲುತ್ತ ಹೋದರೂ ಏಳಲಿಲ್ಲ. ಕಳೆದದ್ದನ್ನು ಧೃತರಾಷ್ಟ್ರ ಹಿಂದಿರುಗಿಸಿದ ಮೇಲೂ ಎರಡನೆಯ ಕರೆಗೆ ಓಗೊಟ್ಟು ಮತ್ತೆ ಬಂದು ಕುಳಿತ.

ತುಂಗಭದ್ರೆಯ 19ನೇ ಗೇಟು

ಬಲವಾದ ಕೈಯನ್ನು ಬಿಡುವುದು ಎಂದರೆ ಏನೆಂದು ರಾಯಚೂರು ಜಿಲ್ಲೆ ಇತ್ತೀಚೆಗೆ ಕಣ್ಣಾರೆ ಕಂಡಿದೆ. 2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆ ಬಳಿಯ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಕೊಂಡು ಹೋಯಿತು. ಆಗ ಜಲಾಶಯ ತುಂಬಿತ್ತು. ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿರುವ ಮಾನ್ವಿ, ರಾಯಚೂರು ತಾಲ್ಲೂಕುಗಳ ಭತ್ತದ ಗದ್ದೆಗಳಿಗೆ ತುಂಬಿದ ಜಲಾಶಯಕ್ಕಿಂತ ಒಳ್ಳೆಯ ಎಲೆ ಇನ್ನೊಂದಿಲ್ಲ.

ಆದರೂ ಅಣೆಕಟ್ಟಿನ ಮೇಲಿನ ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದು ನೀರನ್ನು ನದಿಗೆ ಬಿಡಲಾಯಿತು. ಬೆಳೆಗೆಂದು ನಿಂತಿದ್ದ ಹತ್ತಾರು ಟಿಎಂಸಿ ನೀರು ಕಣ್ಣೆದುರೇ ಹರಿದುಹೋಯಿತು. ಒಂದು ಕಡೆ ಒಂದು ಹಂಗಾಮಿನ ನೀರು, ಇನ್ನೊಂದು ಕಡೆ ಇಡೀ ಅಣೆಕಟ್ಟು ಮತ್ತು ಕೆಳಗಿನ ಊರುಗಳು. ಆಟದ ಭಾಷೆಯಲ್ಲಿ ಹೇಳುವುದಾದರೆ, ಉಳಿಸಿಕೊಂಡರೆ ಸಿಗುವುದಕ್ಕಿಂತ ಸೋತರೆ ಹೋಗುವುದು ಎಷ್ಟೋ ಪಟ್ಟು ದೊಡ್ಡದಿತ್ತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಸುಮಾರು ಒಂದು ವಾರದೊಳಗೆ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಗೇಟು ಇಳಿಸಿ ಉಳಿದ ನೀರನ್ನು ತಡೆದರು. ಆಮೇಲೆ ಮಳೆ ಚೆನ್ನಾಗಿ ಬಂದು ಅದೇ ಹಂಗಾಮಿನಲ್ಲಿ ಜಲಾಶಯ ಮತ್ತೆ ತುಂಬಿತು.

ಮತ್ತೆ ತುಂಬಿತು ಎಂಬ ಕಾರಣಕ್ಕೆ ನೀರು ಬಿಟ್ಟದ್ದು ಸರಿ ಎನ್ನುವಂತಿಲ್ಲ. ಮಳೆ ಕೈಕೊಟ್ಟಿದ್ದರೂ ಆ ರಾತ್ರಿ ಗೊತ್ತಿದ್ದ ಮಾಹಿತಿಯ ಮೇಲೆ ಅದೇ ಸರಿಯಾದ ನಿರ್ಧಾರ ಆಗಿರುತ್ತಿತ್ತು.

ಮನೆಯಲ್ಲಿ ಕೂಡಿಟ್ಟ ಹತ್ತಿ

ಇನ್ನೊಂದು ಉದಾಹರಣೆ ಪ್ರತಿ ವರ್ಷ ಎದುರಾಗುತ್ತದೆ. 2022ರ ಆರಂಭದ ತಿಂಗಳುಗಳಲ್ಲಿ ರಾಯಚೂರು ಸೇರಿದಂತೆ ಹಲವು ಮಾರುಕಟ್ಟೆಗಳಲ್ಲಿ ಹತ್ತಿಯ ಬೆಲೆ ಕ್ವಿಂಟಲ್‌ಗೆ 10,000 ರೂಪಾಯಿ ದಾಟಿತ್ತು. ಮುಂದಿನ ಹಂಗಾಮಿನಲ್ಲಿ ಅದೇ ಬೆಲೆ ಮತ್ತೆ ಬರುತ್ತದೆ ಎಂದು ಅನೇಕ ರೈತರು ಹತ್ತಿಯನ್ನು ಮನೆಯಲ್ಲೇ ಇಟ್ಟುಕೊಂಡರು. ಬರಲಿಲ್ಲ. 2023ರ ಬೇಸಿಗೆಯ ಹೊತ್ತಿಗೆ ಬೆಲೆ 7,000ದ ಆಸುಪಾಸಿಗೆ ಇಳಿಯಿತು.

ಇಲ್ಲಿ ತಪ್ಪಿದ್ದು ಆಸೆಯಲ್ಲ, ಅಳತೆಗೋಲು. ಹಿಂದಿನ ವರ್ಷದ 10,000 ಎಂಬುದು ಪಾಟ್‌ಗೆ ಆಗಲೇ ಬಿದ್ದ ಹಣದಂತೆ; ಈ ವರ್ಷದ ಬೆಲೆಗೂ ಅದಕ್ಕೂ ನೇರ ಸಂಬಂಧವಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಇನ್ನು ಮುಂದೆ ಕಾಯಲು ಎಷ್ಟು ಖರ್ಚು, ಆ ಖರ್ಚು ಮೀರಿ ಬೆಲೆ ಏರುವ ಸಾಧ್ಯತೆ ಎಷ್ಟು?

ಒಂದು ಉದಾಹರಣೆ ಲೆಕ್ಕ. ಮನೆಯಲ್ಲಿ 30 ಕ್ವಿಂಟಲ್ ಹತ್ತಿ ಇದೆ, ಇಂದಿನ ಬೆಲೆ 7,500. ಈಗಲೇ ಮಾರಿದರೆ 2,25,000. ಬೀಜ, ಗೊಬ್ಬರ, ಔಷಧಕ್ಕೆಂದು ತಂದ ಒಂದು ಲಕ್ಷ ಸಾಲಕ್ಕೆ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ. ನಾಲ್ಕು ತಿಂಗಳು ಕಾದರೆ ಬಡ್ಡಿ 8,000. ಒಣಗಿ ತೂಕ ನೂರಕ್ಕೆ ಮೂರು ಕಡಿಮೆಯಾದರೆ ಉಳಿಯುವುದು 29.1 ಕ್ವಿಂಟಲ್. ಆಗ 2,33,000 ಬಂದರಷ್ಟೇ ಸರಿಸಮ. ಅಂದರೆ ಬೆಲೆ ಕ್ವಿಂಟಲ್‌ಗೆ ಸುಮಾರು 8,007 ಆಗಬೇಕು. ಲಾಭದ ಮಾತು ಶುರುವಾಗುವುದೇ 500 ರೂಪಾಯಿ ಏರಿದ ಮೇಲೆ. ಹತ್ತಿಯ ಬಣ್ಣ ಕೆಡುವುದು, ಇಲಿ, ಬೆಂಕಿಯ ಭಯ ಇದರಲ್ಲಿ ಸೇರಿಲ್ಲ.

ಆದರೆ ಹತ್ತಿಗೂ ಪೋಕರ್‌ಗೂ ಎರಡು ಮುಖ್ಯ ವ್ಯತ್ಯಾಸಗಳಿವೆ, ಎರಡೂ ರೈತರ ಪರವಾಗಿವೆ. ಪೋಕರ್‌ನಲ್ಲಿ ಅರ್ಧ ಕೈ ಬಿಡಲಾಗದು. ಹತ್ತಿಯಲ್ಲಿ ಅರ್ಧ ಮಾರಿ ಸಾಲ ತೀರಿಸಿ ಅರ್ಧ ಇಟ್ಟುಕೊಳ್ಳಬಹುದು. ಬಡ್ಡಿ ನಿಂತ ಮೇಲೆ ಕಾಯುವ ಖರ್ಚು ತಟ್ಟನೆ ಇಳಿಯುತ್ತದೆ. ಎರಡನೆಯದು, ಹತ್ತಿಗೆ ಬೆಂಬಲ ಬೆಲೆ ಎಂಬ ತಳ ಇದೆ. 2025-26ರ ಹಂಗಾಮಿಗೆ ಮಧ್ಯಮ ಎಳೆಯ ಹತ್ತಿಗೆ 7,710, ಉದ್ದ ಎಳೆಯ ಹತ್ತಿಗೆ 8,110 ರೂಪಾಯಿ ನಿಗದಿಯಾಗಿತ್ತು. ಭಾರತೀಯ ಹತ್ತಿ ನಿಗಮ ತೇವಾಂಶ 8ರಿಂದ 12 ಶೇಕಡಾ ಒಳಗಿದ್ದರೆ ಮಾತ್ರ ಕೊಳ್ಳುತ್ತದೆ. 8 ದಾಟಿದಷ್ಟೂ ಬೆಲೆ ಕಡಿತವಾಗುತ್ತದೆ. ಆದ್ದರಿಂದ ಪೇಟೆಯ ದರ ಬೆಂಬಲ ಬೆಲೆಗಿಂತ ಕೆಳಗಿದ್ದಾಗ ಅವಸರದಲ್ಲಿ ಹಸಿ ಹತ್ತಿ ಮಾರುವುದೂ ಅಷ್ಟೇ ದೊಡ್ಡ ತಪ್ಪು. ಬಿಡುವ ವಿದ್ಯೆ ಎಂದರೆ ಸಿಕ್ಕಿದ್ದಕ್ಕೆ ಕೊಟ್ಟು ಬರುವುದಲ್ಲ.

ಹರ್ಷ್ ಶೆಫ್ರಿನ್ ಮತ್ತು ಮೈರ್ ಸ್ಟ್ಯಾಟ್‌ಮನ್ 1985ರಲ್ಲಿ ಷೇರು ಹೂಡಿಕೆದಾರರ ಬಗ್ಗೆ ಹೇಳಿದ್ದೂ ಇದನ್ನೇ: ಜನ ಗೆಲ್ಲುತ್ತಿರುವುದನ್ನು ಬೇಗ ಮಾರುತ್ತಾರೆ, ಸೋಲುತ್ತಿರುವುದನ್ನು ಬಹಳ ಕಾಲ ಹಿಡಿದಿಟ್ಟುಕೊಳ್ಳುತ್ತಾರೆ.

ಅಂದರ್ ಬಾಹರ್‌ಗೆ ಈ ಲೆಕ್ಕ ನಡೆಯುತ್ತದೆಯೇ?

ಇಲ್ಲ. ರಾಯಚೂರು ಭಾಗದಲ್ಲಿ ಪೊಲೀಸರು ದಾಳಿ ಮಾಡುವ ಅಡ್ಡೆಗಳಲ್ಲಿ ಹೆಚ್ಚಾಗಿ ನಡೆಯುವುದು ಅಂದರ್ ಬಾಹರ್. ಇನ್ನೊಂದು ಪಿಡುಗು ಮಟಕಾ. ಎರಡರಲ್ಲೂ ದುಡ್ಡು ಕಟ್ಟಿದ ಮೇಲೆ ಯೋಚಿಸಲು ಏನೂ ಉಳಿದಿರುವುದಿಲ್ಲ. ಅಂದರ್ ಬಾಹರ್‌ನಲ್ಲಿ ಮೊದಲ ಎಲೆ ಬೀಳುವ ಪಕ್ಕ ಗೆಲ್ಲುವುದು ಸುಮಾರು 51.5 ಶೇಕಡಾ ಸಲ, ಇನ್ನೊಂದು ಪಕ್ಕ 48.5. ಅದರ ಮೇಲೆ ಅಡ್ಡೆ ನಡೆಸುವವರ ಕಮಿಷನ್. ಎಷ್ಟು ಅನುಭವ ಇದ್ದರೂ ಈ ಸಂಖ್ಯೆ ಬದಲಾಗದು. ಅಲ್ಲಿ ಇರುವ ಒಂದೇ ಫೋಲ್ಡ್ ಎಂದರೆ ಎದ್ದು ಮನೆಗೆ ಹೋಗುವುದು.

ಕಾನೂನು ಕೂಡ ಕೌಶಲದ ಆಟ, ಅದೃಷ್ಟದ ಆಟ ಎಂದು ಬಹುಕಾಲ ಬೇರೆಬೇರೆಯಾಗಿ ನೋಡಿತು. ರಮ್ಮಿಯಲ್ಲಿ ಕೌಶಲವೇ ಪ್ರಧಾನ, ಮೂರೆಲೆ ಆಟದಂತೆ ಅದು ಬರೀ ಅದೃಷ್ಟವಲ್ಲ ಎಂದು ಸುಪ್ರೀಂ ಕೋರ್ಟ್ 1968ರಲ್ಲಿ ಹೇಳಿತು. ಆನ್‌ಲೈನ್ ಆಟಗಳನ್ನೂ ಸೇರಿಸಿ ಕರ್ನಾಟಕ ಪೊಲೀಸ್ ಕಾಯ್ದೆಗೆ 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ರಾಜ್ಯ ಹೈಕೋರ್ಟ್ 2022ರ ಫೆಬ್ರುವರಿ 14ರಂದು ರದ್ದುಪಡಿಸಿತು. ಆದರೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ಕೌಶಲ, ಅದೃಷ್ಟ ಎಂಬ ಭೇದ ಮಾಡದೆ ಹಣ ಕಟ್ಟಿ ಆಡುವ ಎಲ್ಲ ಆನ್‌ಲೈನ್ ಆಟಗಳನ್ನೂ ನಿಷೇಧಿಸಿದೆ. ಶಿಕ್ಷೆ ಇರುವುದು ಆಡಿಸುವವರಿಗೆ, ಜಾಹೀರಾತು ಕೊಡುವವರಿಗೆ, ಹಣ ವರ್ಗಾಯಿಸಿಕೊಡುವವರಿಗೆ, ಆಡುವವರಿಗಲ್ಲ. ಹಾಗಾಗಿ ಇಂದು 'ಪೋಕರ್‌ನಲ್ಲಿ ನಿಜವಾದ ಹಣ ಗೆಲ್ಲಿ' ಎಂದು ಮೊಬೈಲಿಗೆ ಬರುವ ಲಿಂಕ್ ಕಾನೂನುಬಾಹಿರ ಸೇವೆಯದು. ಅಲ್ಲಿ ಹಾಕಿದ ಹಣಕ್ಕೆ ಯಾವ ರಕ್ಷಣೆಯೂ ಇರುವುದಿಲ್ಲ.

ನಂಬಿಕೆ ಮತ್ತು ವಾಸ್ತವ

ನಂಬಿಕೆ: ಒಳ್ಳೆಯ ಎಲೆ ಬಿಡುವುದು ಹೇಡಿತನ.
ವಾಸ್ತವ: ಬಿಡುವುದು ಬೆಲೆ ಗೊತ್ತಿರುವ ಒಂದು ಆಯ್ಕೆ. ಬೇಕಾದ ಗೆಲುವು ಇಲ್ಲದಿದ್ದರೆ ಅದೇ ಅಗ್ಗದ ದಾರಿ.

ನಂಬಿಕೆ: ಲೆಕ್ಕ ಕಲಿತರೆ ಜೂಜಿನಲ್ಲಿ ಖಂಡಿತ ಗೆಲ್ಲಬಹುದು.
ವಾಸ್ತವ: ಲೆಕ್ಕ ತಪ್ಪನ್ನು ಕಡಿಮೆ ಮಾಡುತ್ತದೆ, ಸೋಲನ್ನು ಅಳಿಸುವುದಿಲ್ಲ. ಮೇಜು ನಡೆಸುವವರು ಪ್ರತಿ ಪಾಟ್‌ನಿಂದ ಪಾಲು ತೆಗೆಯುವುದರಿಂದ ಎಲ್ಲ ಆಟಗಾರರ ಒಟ್ಟು ಲೆಕ್ಕ ಯಾವಾಗಲೂ ನಷ್ಟದಲ್ಲೇ ಇರುತ್ತದೆ.

ನಂಬಿಕೆ: ಮನಸ್ಸು ಗಟ್ಟಿ ಇದ್ದರೆ ಯಾವಾಗ ಬೇಕಾದರೂ ನಿಲ್ಲಿಸಬಹುದು.
ವಾಸ್ತವ: ಜೂಜಿನ ಚಟ ಒಂದು ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಅದಕ್ಕೆ ಸ್ಥಾನವಿದೆ. ಅಮೆರಿಕದ ಮನೋವೈದ್ಯರ ಕೈಪಿಡಿ 2013ರಿಂದ ಅದನ್ನು ಮದ್ಯ, ಮಾದಕ ವಸ್ತುಗಳ ಚಟದ ಜತೆಗೇ ಇಟ್ಟಿದೆ.

ಕಳೆದದ್ದನ್ನು ವಾಪಸು ತರಲೆಂದೇ ಮತ್ತೆ ಆಡುವುದು, ಆಡಿದ್ದನ್ನು ಮನೆಯವರಿಂದ ಮುಚ್ಚಿಡುವುದು, ಆಡಲು ಸಾಲ ಮಾಡುವುದು, ನಿಲ್ಲಿಸಿದಾಗ ಸಿಡಿಮಿಡಿಗೊಳ್ಳುವುದು ಇದರ ಲಕ್ಷಣಗಳು. ಇಂಥ ಸ್ಥಿತಿಯಲ್ಲಿರುವವರಿಗೆ ಪಾಟ್‌ನ ಭಾಗಾಕಾರ ಹೇಳಿಕೊಟ್ಟು ಪ್ರಯೋಜನವಿಲ್ಲ. ಅವರಿಗೆ ಚಿಕಿತ್ಸೆ ಬೇಕು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ರಾಯಚೂರಿನ ರಿಮ್ಸ್ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗದಲ್ಲೂ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಮೂಲಕವೂ ನೆರವು ಪಡೆಯಬಹುದು. ಕರೆಯನ್ನು ಆಡುವವರೇ ಮಾಡಬೇಕೆಂದಿಲ್ಲ, ಮನೆಯವರೂ ಮಾಡಬಹುದು.